ಕೆಲಸದ ನಡುವೆ ಮಾತಾಡಿಸುವವರು

ಹರಿಹರದಿಂದ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಚಾಲಕನ ನೆತ್ತಿಯ ಮೇಲೆ, ಕಣ್ಣಿಗೆ ರಾಚುವ ಕೆಂಪು ಬಣ್ಣದಲ್ಲಿ, ವಾಹನ ಚಲಿಸುವಾಗ ಚಾಲಕರೊಡನೆ ಮಾತನಾಡಬಾರದು ಎಂದು ಬರೆದಿರುತ್ತದೆ. ದೇವರ ಪಟಕ್ಕೆ ಹಾಕಿದ ಚೆಂಡುಹೂವಿನ ಹಾರ ಜೋತುಬಿದ್ದು ಒಮ್ಮೊಮ್ಮೆ ಆ ಅಕ್ಷರಗಳನ್ನು ಮುಚ್ಚಿರುತ್ತದೆ, ಮುಚ್ಚದಿದ್ದರೂ ಓದುವವರು ಯಾರೂ ಇಲ್ಲ. ಅದರ ಕೆಳಗೇ, ಎಂಜಿನ್ನಿನ ಪಕ್ಕದ ಉಬ್ಬಿನ ಮೇಲೆ, ಒಬ್ಬ ಮಹಾನುಭಾವ ಪಂಚೆಯನ್ನು ಮೊಣಕಾಲಿಗೆ ಮಡಚಿ ಪೀಠಾರೂಢನಾಗಿ, ಚಾಲಕನ ಮಗಳಿಗೆ ಗಂಡು ಸಿಕ್ಕಿತೇ, ಸಿಕ್ಕಿದ್ದರೆ ಯಾವೂರು, ಸಿಗದಿದ್ದರೆ ಆನಗೋಡಿನಲ್ಲಿ ತನಗೆ ಗೊತ್ತಿರುವ ಒಂದು ಮನೆತನವಿದೆ ಎಂಬುದನ್ನೆಲ್ಲ ಸವಿಸ್ತಾರವಾಗಿ ಚರ್ಚಿಸುತ್ತಿರುತ್ತಾನೆ. ಚಾಲಕನೂ ಸಜ್ಜನ. ಕೇಳಿದವರ ಮುಖ ನೋಡದೆ ಉತ್ತರ ಕೊಡುವುದು ಅವನಿಗೆ ಒಗ್ಗದು. ಹೀಗಾಗಿ ಹೆದ್ದಾರಿಯಲ್ಲಿ ಎದುರಾಗುವ ಲಾರಿಗಳನ್ನು ಅವನ ಪರವಾಗಿ ನಾನು ನೋಡುತ್ತ, ಬ್ರೇಕು ಒತ್ತುವವಳಂತೆ ಬಲಗಾಲನ್ನು ಬಸ್ಸಿನ ನೆಲಕ್ಕೆ ಊರಿಕೊಂಡು ಕೂತಿರುತ್ತೇನೆ.

ನಾನು ಹರಿಹರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಕರಿಹಲಗೆಯ ಮೇಲೆ ಪ್ರಮೇಯವೊಂದು ಇನ್ನೇನು ದಡ ಮುಟ್ಟಬೇಕು ಎನ್ನುವಾಗ ನೋಟೀಸು ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಿದ್ದವರನ್ನು ನಾನು ಹೇಗೆ ನೋಡುತ್ತಿದ್ದೆನೆಂದು ಹಳೆಯ ವಿದ್ಯಾರ್ಥಿಗಳು ಇಂದಿಗೂ ಅಭಿನಯಿಸಿ ತೋರಿಸುತ್ತಾರಂತೆ. ತೋರಿಸಲಿ. ನಮ್ಮ ಸೀಮೆಯಲ್ಲಿ ಮಾತಾಡಿಸುವುದೆಂದರೆ ಒಂದು ಬಗೆಯ ಸತ್ಕಾರ. ಎದುರಿಗಿದ್ದವರು ಕೆಲಸದಲ್ಲಿ ಮುಳುಗಿದ್ದಷ್ಟೂ ಅವರನ್ನು ಮಾತಾಡಿಸುವುದು ಹೆಚ್ಚಿನ ಪುಣ್ಯವೆಂದು ನಂಬಿದ ಜನ ನಾವು. ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿರುವವನನ್ನು ಮಾತಾಡಿಸುತ್ತೇವೆ, ಕಂಬದ ಮೇಲೆ ತಂತಿ ಹಿಡಿದು ಕೂತ ಲೈನ್‌ಮನ್ನನ್ನು ಕೆಳಗಿನಿಂದ ಕೂಗಿ, "ನಾಷ್ಟಾ ಆತೇನಪಾ?" ಎನ್ನುತ್ತೇವೆ. ಅವನೂ ಮೇಲಿನಿಂದ ಬಗ್ಗಿ ನೋಡಿ, ಆತು ಎನ್ನುತ್ತಾನೆ. ನೋಡುತ್ತ ನಿಂತ ನನಗೆ ಮೈಯೆಲ್ಲ ಉರಿಯುತ್ತದೆ.

ಉರಿಯಲು ಕಾರಣವಿದೆ. ನೀವು ಸಾರಿಗೆ ಉಪ್ಪು ಹಾಕಲು ಕೈಯಲ್ಲಿ ಚಮಚ ಹಿಡಿದಿದ್ದೀರಿ ಎಂದುಕೊಳ್ಳಿ. ಬಾಗಿಲಲ್ಲಿ ಪಕ್ಕದ ಮನೆಯವರು ಕರೆಯುತ್ತಾರೆ, ನೀವು ಓಗೊಟ್ಟು ಹೋಗಿ ಎರಡು ಮಾತಾಡಿ ಒಳಗೆ ಬರುತ್ತೀರಿ. ಉಪ್ಪು ಬಿದ್ದಿದೆಯೋ ಇಲ್ಲವೋ? ಆಣೆ ಮಾಡಿ ಹೇಳಬಲ್ಲಿರಾ? ಇದರಲ್ಲಿ ವಿಚಿತ್ರವೆಂದರೆ ಮನಸ್ಸು ಎಂದೂ ಗೊತ್ತಿಲ್ಲ ಎನ್ನುವುದಿಲ್ಲ, ಬಹಳ ಧೈರ್ಯದಿಂದ, ಹಾಕಿದ್ದೇನೆ ಎನ್ನುತ್ತದೆ. ಮಾಡಬೇಕೆಂದು ಹೊರಟದ್ದನ್ನೂ ಮಾಡಿ ಮುಗಿಸಿದ್ದನ್ನೂ ಅದು ಒಂದೇ ಡಬ್ಬಿಯಲ್ಲಿ ತುಂಬಿಟ್ಟಿರುತ್ತದೆ, ನಡುವೆ ಯಾರೋ ಕೂಗಿದ್ದು ಅದರ ಲೆಕ್ಕಕ್ಕೇ ಇರುವುದಿಲ್ಲ. ಊಟಕ್ಕೆ ಕೂತವರು ಮುಖ ಹಿಂಡಿದಾಗ ಬೈಸಿಕೊಳ್ಳುವವಳು ಅಡುಗೆಯವಳು. ಬಾಗಿಲಲ್ಲಿ ಕರೆದವರು ಅಷ್ಟುಹೊತ್ತಿಗೆ ತಮ್ಮ ಮನೆಯಲ್ಲಿ ರುಚಿಯಾದ ಸಾರು ಉಣ್ಣುತ್ತಿರುತ್ತಾರೆ.

ಸಾರಿನಲ್ಲಾದರೆ ನೀರು ಬೆರೆಸಿಯೋ ಉಪ್ಪು ಉದುರಿಸಿಯೋ ಸರಿಮಾಡಬಹುದು. ನನ್ನ ತಂಗಿ ಗಿರಿಜಾಳ ಮಗಳು ಚೈತ್ರಾ ಮಾಡುವ ಕೆಲಸದಲ್ಲಿ ಆ ಸೌಲಭ್ಯವಿಲ್ಲ. ಅವಳು ವಿಮಾನದ ಸಹಪೈಲಟ್. ವಿನೋಬನಗರದ ಇಕ್ಕಟ್ಟು ಓಣಿಯಲ್ಲಿ, ಆಟೋ ಬಂದರೆ ಗೋಡೆಗೆ ಒರಗಿ ನಿಲ್ಲಬೇಕಾದ ಕಡೆ, ಹುಟ್ಟಿ ಬೆಳೆದ ಹುಡುಗಿ ಆಕಾಶದಲ್ಲಿ ದಾರಿ ಹುಡುಕುತ್ತಾಳೆಂಬುದೇ ನಮ್ಮ ಮನೆತನಕ್ಕೆಲ್ಲ ಒಂದು ಸೋಜಿಗ. ಕಿರಾಣಿಯ ಸಗಟು ವ್ಯಾಪಾರ ಮಾಡುವ ಅವಳ ತಂದೆ ಮಲ್ಲಿಕಾರ್ಜುನ ಅಂಗಡಿಗೆ ಬಂದವರಿಗೆಲ್ಲ, ಬೇಳೆ ತೂಗುವ ಮೊದಲು, ಮಗಳು ಸಮವಸ್ತ್ರದಲ್ಲಿ ನಿಂತ ಚಿತ್ರ ತೋರಿಸುತ್ತಾನೆ. ಅದರಲ್ಲಿ ತಪ್ಪೇನಿಲ್ಲ, ಆ ಚಿತ್ರ ನನ್ನ ಫೋನಿನಲ್ಲೂ ಇದೆ.

ಈಗ ಸ್ವಲ್ಪ ತಾಳ್ಮೆಯಿಂದ ಕೇಳಿ, ಗಣಿತದ ಮೇಷ್ಟ್ರಮ್ಮ ವಿಮಾನದ ಪಾಠ ಮಾಡುತ್ತಾಳೆ. ರೆಕ್ಕೆಯ ಹಿಂಬದಿಯಲ್ಲಿ ಫ್ಲ್ಯಾಪ್ ಎಂಬ ಪಟ್ಟಿಗಳಿರುತ್ತವೆ. ಮೇಲೇರುವ ಮೊದಲು ಅವನ್ನು ಒಂದಿಷ್ಟು ಇಳಿಸಿಕೊಂಡರೆ ರೆಕ್ಕೆಗೆ ಭಾರ ಎತ್ತುವ ಕಸುವು ಬರುತ್ತದೆ. ಇಳಿಸದೆ ಹೊರಟರೆ ಓಡುದಾರಿ ಮುಗಿದರೂ ವಿಮಾನ ಏಳದಿರಬಹುದು, ಎದ್ದರೂ ಗಾಳಿಯಲ್ಲಿ ನಿಲ್ಲದಿರಬಹುದು. ಹಾಗೆ ಮರೆತು ಹೊರಟು ಬಿದ್ದ ವಿಮಾನಗಳಿವೆ, ಸತ್ತ ಜನರಿದ್ದಾರೆ. ಆ ಸಾವುಗಳಿಂದ ಕಲಿತೇ ಒಂದು ನಿಯಮ ಮಾಡಿದ್ದಾರೆ: ವಿಮಾನ ನೆಲದ ಮೇಲೆ ಉರುಳಲು ತೊಡಗಿದಾಗಿನಿಂದ ಸಾಕಷ್ಟು ಎತ್ತರಕ್ಕೆ ಏರುವ ತನಕ ಕಾಕ್‌ಪಿಟ್ಟಿನಲ್ಲಿ ಕೆಲಸಕ್ಕೆ ಬೇಡದ ಒಂದೇ ಒಂದು ಮಾತನ್ನೂ ಆಡಕೂಡದು. ಈ ನಿಯಮವನ್ನು ಚೈತ್ರಾ ಮೊದಲ ಸಲ ಹೇಳಿದಾಗ ನಾನು, ಇದನ್ನು ನಮ್ಮ ಅಡುಗೆಮನೆಗೂ ತರಬೇಕಲ್ಲವೇ ಎಂದು ನಕ್ಕಿದ್ದೆ.

ಆಮೇಲೊಂದು ದಿನ ಹಾರಾಟಕ್ಕೆ ಹೊರಟಾಗ ಅವಳ ಪಕ್ಕ ಕೂತ ಕ್ಯಾಪ್ಟನ್ ವಯಸ್ಸಿನಲ್ಲಿ ಹಿರಿಯರು, ಕನ್ನಡದವರು, ನಗುಮುಖದವರು. ಎಂಜಿನ್ ಚಾಲೂ ಆಗಿತ್ತು, ವಿಮಾನ ನಿಂತಲ್ಲಿಂದ ಹೊರಟಿತ್ತು. ಫ್ಲ್ಯಾಪ್ ಇಳಿಸುವುದು ಸಹಪೈಲಟ್ಟರ ಕೆಲಸ, ಚೈತ್ರಾಳ ಕೈ ಅದರ ಹಿಡಿಕೆಯತ್ತ ಹೋಗಿತ್ತು. ಆಗ ಅವರಿಗೆ ಏನೋ ನೆನಪಾಯಿತು.

"ನಿಂದು ದಾವಣಗೆರೆ ಅಲ್ವಾ? ಅರೆ, ನಾನು ಇಂಜಿನಿಯರಿಂಗ್ ಓದಿದ್ದೇ ಅಲ್ಲಿ. ನಮ್ಮ ಹಾಸ್ಟೆಲ್ ಹತ್ರ ಒಂದು ಬೆಣ್ಣೆ ದೋಸೆ ಹೋಟ್ಲಿತ್ತು. ಇನ್ನೂ ಇದೆಯಾ ಅದು?"

ಕೇಳಿದಿರಾ? ದೋಸೆ! ನಮ್ಮೂರಿನ ಹೆಸರು ಕೇಳಿದ ಕೂಡಲೇ ಲೋಕದ ಬಾಯಲ್ಲಿ ನೀರೂರುತ್ತದೆಂಬುದು ನಮಗೂ ಗೊತ್ತಿದೆ, ಹೆಮ್ಮೆಯೂ ಇದೆ. ಆದರೆ ಆ ನೀರು ಊರಲು ಬೇರೆ ಹೊತ್ತಿಲ್ಲವೇ? ಬೆನ್ನ ಹಿಂದೆ ಬೆಲ್ಟು ಬಿಗಿದುಕೊಂಡು ಕೂತವರು ಇವರನ್ನು ನಂಬಿ ಕಣ್ಣು ಮುಚ್ಚಿ ನಿದ್ದೆಗೆ ಇಳಿಯುತ್ತಿದ್ದ ಹೊತ್ತು ಅದು. ಚೈತ್ರಾ ಏನು ಮಾಡಿದಳೆಂದು ಹೇಳುವ ಮೊದಲು ನಮ್ಮ ಮನೆಗಳ ಒಂದು ಪದ್ಧತಿಯನ್ನು ಹೇಳಬೇಕು. ಹಿರಿಯರು ಮಾತಾಡಿಸಿದರೆ ಮಾಡುತ್ತಿದ್ದ ಕೆಲಸ ಬಿಟ್ಟು, ಅವರ ಕಡೆ ಮುಖ ತಿರುಗಿಸಿ ಉತ್ತರ ಕೊಡಬೇಕು. ಕೈಯನ್ನು ಕೆಲಸದಲ್ಲಿಟ್ಟುಕೊಂಡು, ಬೆನ್ನು ಕೊಟ್ಟು ಹ್ಞೂಂ ಎಂದವರಿಗೆ ನಮ್ಮಲ್ಲಿ ಸೊಕ್ಕಿನವರೆಂದು ಹೆಸರು. ಮಲ್ಲಿಕಾರ್ಜುನನ ಮನೆಯಲ್ಲಂತೂ ಹಾಲು ಉಕ್ಕಿದರೆ ಉಕ್ಕಲಿ, ಅಪ್ಪ ಕರೆದಾಗ ಮಗಳು ಮುಖ ತೋರಿಸಬೇಕು. ಹೀಗೆ ಬೆಳೆದ ಹುಡುಗಿ ಹಿಡಿಕೆಯತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕ್ಯಾಪ್ಟನ್ನರ ಕಡೆ ಪೂರ್ತಿ ತಿರುಗಿ, "ಇದೆ ಸರ್, ಈಗ ಮಾಲೀಕರ ಮಗ ನಡೆಸ್ತಾರೆ" ಎಂದಳು. ಅಷ್ಟರಲ್ಲಿ ರೇಡಿಯೋದಲ್ಲಿ ಬೇರೆ ದಾರಿ ಹಿಡಿಯಿರೆಂದು ಸೂಚನೆ ಬಂತು. ಅದಕ್ಕೂ ಉತ್ತರಿಸಿದಳು. ಫ್ಲ್ಯಾಪ್ ಇದ್ದಲ್ಲೇ ಇತ್ತು, ಅವಳ ಮನಸ್ಸು ಇಳಿಸಿದ್ದೇನೆ ಎಂದುಕೊಂಡಿತ್ತು.

ಇದನ್ನು ಹಿಡಿಯಲೆಂದೇ ಚೆಕ್‌ಲಿಸ್ಟ್ ಎಂಬುದೊಂದಿದೆ. ಮೇಲೇರುವ ಮೊದಲು ಪ್ರತಿಯೊಂದನ್ನೂ ಒಬ್ಬರು ಓದಿ ಇನ್ನೊಬ್ಬರು ನೋಡಿ ಉತ್ತರಿಸಬೇಕು. ಓದಿದರು, ಉತ್ತರಿಸಿದರು. ದಿನವೂ ಹೇಳುವ ಮಾತು ನಾಲಿಗೆಗೆ ರೂಢಿಯಾಗಿ, ಕಣ್ಣು ಅಲ್ಲಿಗೆ ಹೋಗುವ ಮೊದಲೇ ಬಾಯಿಂದ ಜಾರಿರುತ್ತದೆ. ಫ್ಲ್ಯಾಪ್ ಸರಿಯಿದೆ ಎಂದು ಇಬ್ಬರೂ ಹೇಳಿದರು, ಇಬ್ಬರೂ ನೋಡಲಿಲ್ಲ. ಓಡುದಾರಿಯಲ್ಲಿ ನಿಂತು ಎಂಜಿನ್ನಿನ ಬಲ ಏರಿಸಿದ್ದೇ ತಡ, ಕಿವಿ ಹರಿಯುವಂತೆ ಎಚ್ಚರಿಕೆಯ ಗಂಟೆ ಕಿರುಚಿಕೊಂಡಿತು. ಕ್ಯಾಪ್ಟನ್ ತಟ್ಟನೆ ಬಲ ಇಳಿಸಿ ವಿಮಾನ ನಿಲ್ಲಿಸಿದರು. ಅಷ್ಟರಮಟ್ಟಿಗೆ ಅವರು ಒಳ್ಳೆಯ ಪೈಲಟ್ಟೇ. ಪ್ರಯಾಣಿಕರಿಗೆ ಸಣ್ಣದೊಂದು ತಾಂತ್ರಿಕ ಕಾರಣವೆಂದು ಹೇಳಿ, ಪಕ್ಕಕ್ಕೆ ತಂದು, ಎಲ್ಲವನ್ನೂ ಸರಿಮಾಡಿಕೊಂಡು ಆಮೇಲೆ ಹಾರಿದರು. ಯಾರಿಗೂ ಏನೂ ಆಗಲಿಲ್ಲ.

ಯಾರಿಗೂ ಏನೂ ಆಗದಿದ್ದಾಗ ಯಾರಿಗಾದರೂ ಒಬ್ಬರಿಗೆ ಏನಾದರೂ ಮಾಡಲೇಬೇಕೆಂಬುದು ಕಚೇರಿಗಳ ಧರ್ಮ. ವಿಚಾರಣೆ ಮುಗಿಯುವ ತನಕ ಇಬ್ಬರನ್ನೂ ಹಾರಾಟದಿಂದ ಇಳಿಸಿದರು. ಆದರೆ ಫ್ಲ್ಯಾಪ್ ಸಹಪೈಲಟ್ಟರ ಕೆಲಸ ತಾನೇ? ವಿಚಾರಣೆಗೆ ಮೊದಲೇ ಹಜಾರಗಳಲ್ಲಿ ಒಂದು ಮಾತು ಓಡಾಡಿತು: ಮಾನವ ದೋಷ. ಈ ಮಾತನ್ನು ಕೇಳಿದರೆ ನನಗೆ ರೇಗುತ್ತದೆ. ಯಾವ ಮಾನವ? ಮರೆತವಳಷ್ಟೇ ಮಾನವಜಾತಿಯೇ, ಮರೆಸಿದವರು ಮಾನವರಲ್ಲವೇ? ಕೈ ಹಿಡಿಕೆಯತ್ತ ಹೋಗಿದ್ದಾಗ ದೋಸೆ ಕೇಳಿದ ಬಾಯಿ ಯಾರದು? ಕಾಕ್‌ಪಿಟ್ಟಿನ ಮಾತುಗಳನ್ನು ಹಿಡಿದಿಡುವ ಯಂತ್ರವೊಂದಿದೆ ನಿಜ. ಅದು ಇತ್ತೀಚಿನ ಮಾತುಗಳನ್ನಷ್ಟೇ ಉಳಿಸಿಕೊಂಡು ಹಳೆಯದನ್ನು ಅಳಿಸುತ್ತ ಹೋಗುತ್ತದಂತೆ. ಆ ವಿಮಾನ ದಿನವಿಡೀ ಹಾರಾಡಿದ್ದರಿಂದ ದೋಸೆಯ ಮಾತು ಅಳಿಸಿಹೋಗಿತ್ತು. ಹೀಗೆ ಅದಕ್ಕೆ ಸಾಕ್ಷಿಯಾಗಿ ಲೋಕದಲ್ಲಿ ಇಬ್ಬರೇ ಉಳಿದರು, ಕೇಳಿದವರು ಮತ್ತು ಉತ್ತರ ಕೊಟ್ಟವಳು.

ಇದನ್ನೆಲ್ಲ ಚೈತ್ರಾ ನನಗೆ ಫೋನಿನಲ್ಲಿ ಹೇಳಿದ್ದಳು. ಅವಳು ಊರಿಗೆ ಬಂದಿದ್ದಾಳೆಂದು ತಿಳಿದು ನಾನು ಬಸ್ಸು ಹಿಡಿದು ವಿನೋಬನಗರಕ್ಕೆ ಹೋದೆ. ಅವಳು ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಲ್ಲಿಕಾರ್ಜುನ ಅಂಗಡಿಗೆ ಹೋಗದೆ ಮನೆಯಲ್ಲೇ ಇದ್ದ, ಅವನ ಮುಖದಲ್ಲಿ ಚಿಂತೆಯ ಬದಲು ಏನೋ ಒಂದು ಸಮಾಧಾನವಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಬರ್ರಿ ಅಕ್ಕಾ, ಕೂಡ್ರಿ. ಕ್ಯಾಪ್ಟನ್ ಸಾಹೇಬ್ರು ಸ್ವತಃ ನನಗೆ ಫೋನ್ ಮಾಡಿದ್ರು. ಎಂಥಾ ದೊಡ್ಡ ಮನುಷ್ಯ, ಎಂಥಾ ಮಾತು! ನಮ್ಮೂರಾಗೇ ಓದ್ಯಾರಂತೆ. ಇವ್ಳು ವಿಚಾರಣಿಯೊಳಗೆ ‘ನಾನೇ ಮರೆತೆ’ ಅಂತ ಒಂದ್ ಮಾತು ಅಂದ್ರೆ ಸಾಕಂತೆ, ಮುಂದಿಂದು ತಾವು ನೋಡ್ಕೋತಾರಂತೆ."

"ಅವರು ನಡುವೆ ಮಾತಾಡ್ಸಿದ್ದು?" ಎಂದೆ.

"ಮಾತಾಡ್ಸೋದು ಯಾವಾಗಿಂದ ತಪ್ಪಾತು ಅಕ್ಕಾ? ಊರಿನ ಹುಡುಗಿ ಅಂತ ಪ್ರೀತಿಯಿಂದ ಮಾತಾಡ್ಸ್ಯಾರ. ಅದನ್ನ ಹೋಗಿ ಅಲ್ಲಿ ಹೇಳೋದು ಹೆಂಗೆ? ಹಿರೇರ ಹೆಸರು ಕೆಡಿಸಿದ ಹುಡುಗಿ ಅನ್ನಿಸ್ಕೊಳ್ಳೋದು ಬ್ಯಾಡ."

ನನ್ನ ಸಿಟ್ಟು ಆಗ ಕಟ್ಟೆಯೊಡೆಯಿತು. ಪ್ರೀತಿಯಂತೆ ಪ್ರೀತಿ! ಪ್ರೀತಿಯಿದ್ದವರು ವಿಮಾನ ಇಳಿದ ಮೇಲೆ ಎಷ್ಟು ಬೇಕಾದರೂ ದೋಸೆಯ ಮಾತಾಡಬಹುದಿತ್ತು. ಆ ಮನುಷ್ಯನಿಗೆ ನಿಯಮ ಗೊತ್ತಿಲ್ಲವೇ? ಆ ನಿಯಮವನ್ನು ಕಿರಿಯರಿಗೆ ಕಲಿಸಬೇಕಾದ ಕುರ್ಚಿಯಲ್ಲಿ ಕೂತವನು, ಅದನ್ನು ಮುರಿಯುವ ಅಧಿಕಾರ ತನ್ನ ವಯಸ್ಸಿಗೆ ಇದೆಯೆಂದುಕೊಂಡ. ಈಗ ತಪ್ಪನ್ನು ಅವಳ ಮಡಿಲಿಗೆ ಹಾಕಿ, ಮೇಲಿಂದ ಅವಳ ಅಪ್ಪನಿಂದಲೇ ಅವಳಿಗೆ ಸಜ್ಜನಿಕೆಯ ಉಪದೇಶ ಮಾಡಿಸುತ್ತಾನೆ. ನಾನೇ ಮರೆತೆ ಎಂದು ಅವಳು ಒಪ್ಪಿಕೊಂಡರೆ ಆ ಕಪ್ಪುಚುಕ್ಕೆ ಅವಳ ಹೆಸರಿನ ಜೊತೆ ಉಳಿಯುತ್ತದೆ, ನಾಳೆ ಅವಳು ಕ್ಯಾಪ್ಟನ್ ಆಗಬೇಕಾದಾಗ ಯಾರೋ ಅದನ್ನು ತೆಗೆದು ಮುಂದಿಡುತ್ತಾರೆ. ಇದನ್ನೆಲ್ಲ ನಾನು ತರಗತಿಯಲ್ಲಿ ನಿಂತ ದನಿಯಲ್ಲೇ ಹೇಳುತ್ತಿದ್ದೆ, ಮಾತು ಇನ್ನೂ ತುತ್ತತುದಿಗೆ ಬಂದಿರಲಿಲ್ಲ, ಗಿರಿಜಾ ಅಡುಗೆಮನೆಯಿಂದ ತಲೆ ಹೊರಹಾಕಿ, "ಅಕ್ಕಾ, ಚಾ ಮಾಡ್ಲ್ಯೋ ಕಾಫಿ ಮಾಡ್ಲ್ಯೋ?" ಎಂದಳು.

ಚಹಾ ಎಂದೆ. ಎಲ್ಲಿಗೆ ಬಂದಿದ್ದೆನೆಂಬುದು ಮರೆತೇಹೋಯಿತು. ಮಲ್ಲಿಕಾರ್ಜುನ ನಕ್ಕುಬಿಟ್ಟ. ನಗುವ ಸಂಗತಿಯೇ ಇರಬಹುದು, ಆದರೆ ಚೈತ್ರಾ ನಗಲಿಲ್ಲ. ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಅಂದಳು:

"ದೊಡ್ಡಮ್ಮ, ನನ್ನ ಹೆಸರಿಂದು ಆಮೇಲೆ ನೋಡೋಣ. ನಾನು ನೋಡ್ಲಿಲ್ಲ ಅನ್ನೋದು ನಿಜ ಐತೆ, ಅದನ್ನ ಹೇಳ್ತೀನಿ. ಆದ್ರೆ ಅಪ್ಪಾಜಿ, ನಾಳೆ ಅವರ ಪಕ್ಕ ಇನ್ನೊಬ್ರು ಕೂಡ್ತಾರೆ. ಅವರೂ ಯಾವುದಾದ್ರೂ ಒಂದು ಊರಿನವರೇ ಇರ್ತಾರೆ."

ಮಲ್ಲಿಕಾರ್ಜುನ ಫೋನು ಎತ್ತಿಕೊಂಡು ಹೊರಗೆ ಹೋದ. ಚಹಾ ಕುಡಿಯುತ್ತ ಕೂತು ನಾನು ಅವಳ ಮಾತನ್ನೇ ಲೆಕ್ಕ ಹಾಕತೊಡಗಿದೆ. ಪ್ರತಿಯೊಬ್ಬರಿಗೂ ಒಂದು ಊರಿರುತ್ತದೆ, ಊರಿಗೊಂದು ತಿನಿಸೋ ಜಲಪಾತವೋ ಇರುತ್ತದೆ, ಹಿರಿಯರಿಗೆ ಅದನ್ನು ಕೇಳುವ ಚಪಲವಿರುತ್ತದೆ, ಕಿರಿಯರಿಗೆ ಉತ್ತರಿಸುವ ಸಂಸ್ಕಾರವಿರುತ್ತದೆ. ಎಚ್ಚರಿಕೆಯ ಗಂಟೆ ಕೆಟ್ಟು ಕೂತ ಒಂದು ದಿನ ಇಷ್ಟೂ ಒಟ್ಟಿಗೆ ಸೇರಿದರೆ? ನಾವು ಸಂಸ್ಕಾರವೆಂದು ಕೊಂಡಾಡುವುದರಲ್ಲಿ ಎಷ್ಟು ಭಾಗ ಬರೀ ಹೆದರಿಕೆ ಎಂದು ನನಗೆ ಆ ಮಧ್ಯಾಹ್ನ ಅನ್ನಿಸಿತು. ಮಾತಾಡಬೇಡಿ ಎಂದು ಹಿರಿಯರಿಗೆ ಹೇಳಲಾರದ ಹೆದರಿಕೆಗೆ ವಿನಯವೆಂದು ಹೆಸರಿಟ್ಟು, ಅದನ್ನು ಹೆಣ್ಣುಮಕ್ಕಳ ಮೈಮೇಲೆ ಒಡವೆಯಂತೆ ಹೇರಿ ಕಳಿಸಿದ್ದೇವೆ. ಗಂಡುಮಕ್ಕಳಿಗೂ ಹೇರಿದ್ದೇವೆ, ತೂಕ ಸ್ವಲ್ಪ ಕಡಿಮೆ ಅಷ್ಟೇ. ಒಳ್ಳೆಯ ಹುಡುಗಿ, ಕೇಳಿದ್ದಕ್ಕೆಲ್ಲ ಮುಖ ಕೊಟ್ಟು ಮಾತಾಡ್ತಾಳೆ ಎಂದು ಓಣಿಯಲ್ಲಿ ಹೊಗಳಿದಾಗ ಬೀಗಿದವರೆಲ್ಲ ಆ ಕಾಕ್‌ಪಿಟ್ಟಿನಲ್ಲಿ ಅವಳ ಹಿಂದೆ ಕಿಕ್ಕಿರಿದು ನಿಂತಿದ್ದರು. ವಿಚಾರಣೆಗೆ ಕರೆಯುವುದಾದರೆ ನಮ್ಮ ಓಣಿಯನ್ನೇ ಕರೆಯಬೇಕಿತ್ತು.

ಮರುವಾರ ಅವಳು ಹೋದಳು. ವಿಚಾರಣೆಯ ದಿನ ಸಂಜೆ ನಾನು ವಿನೋಬನಗರದಲ್ಲೇ ಇದ್ದೆ, ಮನೆಯಲ್ಲಿ ಕೂತಿರಲಾಗದೆ ಬಂದುಬಿಟ್ಟಿದ್ದೆ. ಫೋನು ಬಂದಾಗ ಮಲ್ಲಿಕಾರ್ಜುನ ಅದನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟ, ಗಿರಿಜಾ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಚೈತ್ರಾಳ ದನಿ ದಣಿದಿತ್ತು, ಆದರೆ ನಡುಕವಿರಲಿಲ್ಲ. ಮೇಜಿನ ಆಚೆ ಹಿರಿಯ ಅಧಿಕಾರಿಗಳು ಕೂತಿದ್ದರಂತೆ, ಕ್ಯಾಪ್ಟನ್ ಪಕ್ಕದಲ್ಲೇ ಇದ್ದರಂತೆ. ನಡೆದದ್ದನ್ನು ಹೇಳು ಎಂದರು. ಅವಳು ಎಂಜಿನ್ ಚಾಲೂ ಆದಲ್ಲಿಂದ ಹೇಳಲು ತೊಡಗಿದಳು. ಕೈ ಹಿಡಿಕೆಯತ್ತ ಹೋಯಿತು ಎನ್ನುವಷ್ಟರಲ್ಲಿ ಹಿರಿಯರಲ್ಲೊಬ್ಬರು ಅಡ್ಡಬಂದು, ಅದಿರಲಿ, ನಿನಗೆ ಎಷ್ಟು ಅನುಭವವಿದೆ ಎಂದು ಕೇಳಿದರು.

"ಉತ್ತರ ಕೊಟ್ಟೆ ಅಪ್ಪಾಜಿ. ಕೊಟ್ಟು, ‘ಸರ್, ನಮ್ಮ ಕೆಲಸದಾಗೆ ಚೆಕ್‌ಲಿಸ್ಟ್ ನಡುವೆ ಯಾರಾದ್ರೂ ತಡೆದ್ರೆ ನಿಂತಲ್ಲಿಂದ ಮುಂದುವರಿಸಬಾರ್ದು, ಮೊದಲಿಂದ ಓದ್ಬೇಕು’ ಅಂದೆ. ಅಂದು, ಮತ್ತೆ ಎಂಜಿನ್ ಚಾಲೂ ಆದಲ್ಲಿಂದ ಶುರು ಮಾಡ್ದೆ. ಅವರು ಮತ್ತೊಂದು ಸಲ ನಡುವೆ ಕೇಳಿದ್ರು. ನಾನು ಮತ್ತೆ ಮೊದಲಿಂದ ಹೇಳ್ದೆ."

ನಾನು ತೊಡೆ ತಟ್ಟಿಕೊಂಡೆ. ಗಿರಿಜಾ ನನ್ನ ಕೈ ಹಿಡಿದಳು.

"ಆಮೇಲೆ ಯಾರೂ ಮಾತಾಡ್ಲಿಲ್ಲ. ಪೂರ್ತಿ ಹೇಳ್ದೆ. ದೋಸೆ ಕೇಳಿದ್ದು, ನಾನು ಕೈ ತೆಗೆದು ಅವರ ಕಡೆ ತಿರುಗಿದ್ದು, ಆಮೇಲೆ ಇಬ್ರೂ ನೋಡದೇ ಸರಿಯಿದೆ ಅಂದಿದ್ದು, ಎಲ್ಲಾ. ಆವಾಗ ಕ್ಯಾಪ್ಟನ್ನರ ಕಡೆ ತಿರುಗಿ, ಇವಳು ಹೇಳಿದ್ದು ಹೌದೇನು ಅಂತ ಕೇಳಿದ್ರು. ಅದಕ್ಕವರು..."

"ಅದಿರ್ಲಿ ಬಿಡವ್ವ," ಎಂದ ಮಲ್ಲಿಕಾರ್ಜುನ. ಆ ಉತ್ತರವನ್ನು ಕೇಳುವ ಧೈರ್ಯ ಅವನಿಗೆ ಇರಲಿಲ್ಲವೆಂದು ಕಾಣುತ್ತದೆ. "ಮೊದ್ಲು ಊಟ ಆತೇನು ಹೇಳು."

ನನ್ನ ಬಾಯಿಗೆ ಬಂದ ಮಾತನ್ನು ನಾನು ಹೇಗೆ ನುಂಗಿಕೊಂಡೆನೋ ಗೊತ್ತಿಲ್ಲ.

"ಆತು ಅಪ್ಪಾಜಿ," ಎಂದಳು ಚೈತ್ರಾ. ಆಮೇಲೆ, ಒಂದಿಷ್ಟೂ ದನಿ ಏರಿಸದೆ, "ಮೊದಲಿಂದ ಹೇಳ್ತೀನಿ, ಕೇಳ್ರಿ. ಒಳಗೆ ಹೋದೆ. ನಡೆದದ್ದು ಹೇಳು ಅಂದ್ರು. ಎಂಜಿನ್ ಚಾಲೂ ಆಗಿತ್ತು, ಅಂದೆ..."

ಹೇಳಿದಳು. ಒಂದು ಮಾತನ್ನೂ ಬಿಡದೆ, ಒಂದನ್ನೂ ಅವಸರಿಸದೆ, ಅದೇ ಎಂಜಿನ್ನು, ಅದೇ ಹಿಡಿಕೆ, ಅದೇ ದೋಸೆ. ಮಲ್ಲಿಕಾರ್ಜುನ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿಕೊಂಡ. ಕ್ಯಾಪ್ಟನ್ನರನ್ನು ಕೇಳಿದ ಕಡೆಗೆ ಅವಳು ಬಂದಳು. ಅವರು ಮೇಜನ್ನೇ ನೋಡುತ್ತ, ಹೌದು, ನಾನೇ ಕೇಳಿದೆ, ಕೇಳಬಾರದಿತ್ತು ಎಂದರಂತೆ. ಇಬ್ಬರಿಗೂ ಮತ್ತೆ ತರಬೇತಿ ಕೊಡುತ್ತಾರೆ, ಅದರಲ್ಲಿ ತೇರ್ಗಡೆಯಾದ ಮೇಲೆ ಹಾರಾಟದ ವಿಚಾರ, ತೀರ್ಮಾನ ಇನ್ನೂ ಬರಬೇಕಂತೆ. ಅಲ್ಲಿಗೆ ಅವಳು ನಿಲ್ಲಿಸಿದಳು.

ಮಂಚದ ಮೇಲಿನ ಫೋನನ್ನು ನೋಡುತ್ತ ಮೂವರೂ ಕೂತಿದ್ದೆವು. ಮಲ್ಲಿಕಾರ್ಜುನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪಣೆಗೆ ಕಾದವನ ಹಾಗೆ, ಉಸಿರೆತ್ತದೆ ಕೂತೇ ಇದ್ದ. ಕೊನೆಗೆ ಅವಳೇ ಹೇಳಬೇಕಾಯಿತು.

"ಅಪ್ಪಾಜಿ, ಮುಗೀತು. ಈಗ ಮಾತಾಡ್ರಿ."